ಶಕ್ತಿಗೆ ಬೆಲೆ ಇರುವ ಕಥೆಗಳು: ಹದಿಹರೆಯದ ಮಕ್ಕಳ ಫ್ಯಾಂಟಸಿ ಓದನ್ನು ಕುರಿತು

ಹದಿಮೂರು ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಯಾವ ಪುಸ್ತಕ ಕೊಡಬೇಕು ಎಂಬ ಪ್ರಶ್ನೆ ನಮ್ಮ ಸಂಘದ ಕೂಟಗಳಲ್ಲಿ ಆಗಾಗ ಬರುತ್ತದೆ. ಕನ್ನಡ ಶಾಲೆಯ ದೊಡ್ಡ ಮಕ್ಕಳ ಜೊತೆ ಪುಸ್ತಕ ಓದಿ ಹರಟುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿರುವುದರಿಂದ ಪ್ರಶ್ನೆ ನನ್ನ ಕಡೆಗೆ ತಿರುಗುವುದೂ ಉಂಟು. ಕೇಳುವವರ ಮಾತಿನಲ್ಲಿ ಸಾಮಾನ್ಯವಾಗಿ ಎರಡು ಷರತ್ತುಗಳು ಅಡಗಿರುತ್ತವೆ. ಒಂದು, ಪುಸ್ತಕದಿಂದ ಏನಾದರೂ ಪ್ರಯೋಜನ ಇರಬೇಕು: ಶಬ್ದಸಂಪತ್ತು ಬೆಳೆಯಬೇಕು, ಎಸ್‌ಎಟಿಗೆ ಅನುಕೂಲವಾಗಬೇಕು. ಇನ್ನೊಂದು, ಸಾಧ್ಯವಾದರೆ ಅದರಲ್ಲಿ 'ನಮ್ಮದು' ಏನಾದರೂ ಇರಬೇಕು. ಮಕ್ಕಳು ಮಾತ್ರ ಈ ಎರಡನ್ನೂ ಕಿವಿಗೆ ಹಾಕಿಕೊಳ್ಳದೆ, ಮುಖಪುಟದಲ್ಲಿ ಡ್ರ್ಯಾಗನ್ನೋ ಆಕಾಶನೌಕೆಯೋ ಇರುವ ದಪ್ಪ ಪುಸ್ತಕವನ್ನು ಲೈಬ್ರರಿಯಿಂದ ಹೊತ್ತು ತರುತ್ತಾರೆ. ಆಗ ಬರುವ ಮಾತು: 'ಇದೆಲ್ಲ ಕಟ್ಟುಕಥೆ, ಇನ್ನೂ ಎಷ್ಟು ದಿನ ಇದನ್ನೇ ಓದ್ತೀಯ?' ಹೀಗೆ ಕೇಳುವವರು, ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣವಿಟ್ಟ ರಾಕ್ಷಸನ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿದವರು, ಚಂದಮಾಮದ ಬೇತಾಳನಿಗಾಗಿ ತಿಂಗಳುಗಟ್ಟಲೆ ಕಾದವರು, ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಗ್ಗೆ ಶಾಲೆಯಲ್ಲಿ ತೂಕಡಿಸಿದವರು.

ಈ ಅಸಡ್ಡೆ ನಮ್ಮದೊಂದೇ ಅಲ್ಲ. ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್, 'ಅಮೆರಿಕನ್ನರಿಗೆ ಡ್ರ್ಯಾಗನ್ ಕಂಡರೆ ಏಕೆ ಭಯ?' ಎಂಬ ಅರ್ಥದ ಶೀರ್ಷಿಕೆಯಲ್ಲಿ 1974ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ದುಡಿಮೆ ಮತ್ತು ಲಾಭ ಎರಡನ್ನೇ ಲೆಕ್ಕಕ್ಕೆ ಹಿಡಿಯುವ ಸಮಾಜ ಕಲ್ಪನೆಯನ್ನು ಸೋಮಾರಿತನವೆಂದೋ ಮಕ್ಕಳಾಟವೆಂದೋ ಬಗೆಯುತ್ತದೆ, ಹಾಗೆ ಅದುಮಿಟ್ಟ ಕಲ್ಪನೆ ಕೊನೆಗೆ ಕೀಳು ರೂಪದಲ್ಲಿ ಹೊರಬರುತ್ತದೆ ಎಂಬುದು ಅವರ ವಾದದ ಒಂದು ಎಳೆ. ಅವರ ಕಣ್ಣೆದುರು ಇದ್ದದ್ದು ಕಷ್ಟಪಟ್ಟು ದುಡಿಯುವ ಮಧ್ಯವಯಸ್ಸಿನ ಅಮೆರಿಕನ್ ಗೃಹಸ್ಥ. ಓದಿದರೆ ನಮ್ಮ ಪಾಟ್‌ಲಕ್‌ನಲ್ಲಿ ತಟ್ಟೆ ಹಿಡಿದು ನಿಂತವರನ್ನು ನೋಡಿಯೇ ಬರೆದ ಹಾಗಿದೆ.

ಪ್ರಯೋಜನ, 'ನಮ್ಮದು' ಎಂಬ ಎರಡು ಅಳತೆಗಳನ್ನೂ ಪಕ್ಕಕ್ಕಿಟ್ಟು ನಾನು ಬೇರೊಂದನ್ನು ಬಳಸುತ್ತೇನೆ: ಈ ಕಥೆಯಲ್ಲಿ ಶಕ್ತಿಗೆ ಬೆಲೆ ಇದೆಯೇ? ಮಂತ್ರ ಹಾಕಿದವನು, ಯಂತ್ರ ಓಡಿಸಿದವಳು ಅದಕ್ಕಾಗಿ ಏನನ್ನು ತೆರುತ್ತಾರೆ? ಹದಿಹರೆಯಕ್ಕೆ ಇದು ಮುಖ್ಯ, ಏಕೆಂದರೆ ಮಕ್ಕಳ ಕೈಗೆ ನಿಜವಾದ ಶಕ್ತಿ ಮೊದಲ ಸಲ ಸಿಗುವುದು ಆ ವರ್ಷಗಳಲ್ಲೇ. ಕೈಯಲ್ಲಿ ಫೋನು, ಹದಿನಾರಕ್ಕೆ ಕಾರಿನ ಕೀಲಿ, ಗೆಳತಿಯ ಮನಸ್ಸನ್ನು ಒಂದೇ ಸಾಲಿನಲ್ಲಿ ಮುರಿಯಬಲ್ಲ ಮಾತು. ನೀತಿಕಥೆ 'ಹಾಗೆ ಮಾಡಬೇಡ' ಎನ್ನುತ್ತದೆ, ಮಕ್ಕಳು ಅದನ್ನು ಎರಡನೇ ಸಾಲಿನಲ್ಲೇ ಗುರುತಿಸಿ ಪುಸ್ತಕ ಮುಚ್ಚುತ್ತಾರೆ. ನಾನು ಹೇಳುವ ಕಥೆ 'ಮಾಡಬಹುದು, ಆಮೇಲೆ ಹೀಗಾಗುತ್ತದೆ, ಆಗ ಏನು ಮಾಡುತ್ತೀ?' ಎಂದು ಕೇಳುತ್ತದೆ.

ಈ ಅಳತೆಗೆ ಎಲ್ಲಕ್ಕಿಂತ ಚೆನ್ನಾಗಿ ನಿಲ್ಲುವ ಪುಸ್ತಕ ಲೆ ಗ್ವಿನ್ 1968ರಲ್ಲಿ ಬರೆದ 'ಎ ವಿಜರ್ಡ್ ಆಫ್ ಅರ್ಥ್‌ಸೀ'. ದೊಡ್ಡ ಮಕ್ಕಳಿಗಾಗಿ ಒಂದು ಪುಸ್ತಕ ಬರೆದುಕೊಡಿ ಎಂದು ಕ್ಯಾಲಿಫೋರ್ನಿಯಾದ ಒಬ್ಬ ಸಣ್ಣ ಪ್ರಕಾಶಕರು ಕೇಳಿದ್ದರಿಂದ ಹುಟ್ಟಿದ್ದು ಇದು. ಆಗಿನ ಕಥೆಗಳಲ್ಲಿ ಮಾಂತ್ರಿಕ ಎಂದರೆ ಬಿಳಿ ಗಡ್ಡದ ಮುದುಕ. ಆ ಮುದುಕ ಚಿಕ್ಕವನಿದ್ದಾಗ ಹೇಗಿದ್ದ, ಅವನು ಆ ವಿದ್ಯೆಯನ್ನು ಕಲಿತದ್ದು ಎಲ್ಲಿ ಎಂದು ಯೋಚಿಸುತ್ತ ಹೋದಂತೆ ಕಥೆ ಸಿಕ್ಕಿತು ಎಂದು ಲೆ ಗ್ವಿನ್ ಬರೆದುಕೊಂಡಿದ್ದಾರೆ. ಮಾಂತ್ರಿಕರ ಶಾಲೆ ಎಂದರೆ ಹಾಗ್‌ವರ್ಟ್ಸ್ ಒಂದನ್ನೇ ಬಲ್ಲ ನಮ್ಮ ಮಕ್ಕಳಿಗೆ, ಅದಕ್ಕಿಂತ ಸುಮಾರು ಮೂವತ್ತು ವರ್ಷ ಹಿಂದೆಯೇ ರೋಕ್ ದ್ವೀಪದಲ್ಲಿ ಒಂದು ಶಾಲೆ ಇತ್ತು ಎಂದರೆ ಕುತೂಹಲ ಹುಟ್ಟುತ್ತದೆ. ಪುಸ್ತಕ ಕೈಗೆ ತೆಗೆದುಕೊಳ್ಳಲು ಅಷ್ಟು ಸಾಕು.

ಕಥೆ ಸರಳ. ಗಾಂಟ್ ಎಂಬ ಗುಡ್ಡಗಾಡು ದ್ವೀಪದ ಆಡು ಕಾಯುವ ಹುಡುಗ ಗೆಡ್. ತಾಯಿ ಇಲ್ಲ. ಊರಿನಲ್ಲಿ ಮಾಟಮಂತ್ರ ಮಾಡಿಕೊಂಡಿರುವ ಚಿಕ್ಕಮ್ಮನಿಂದ ನಾಲ್ಕು ಮಂತ್ರ ಕಲಿತವನು. ಅವನ ಕಸುವನ್ನು ಕಂಡ ಓಗಿಯನ್ ಎಂಬ ಮೌನಿ ಗುರು ಅವನನ್ನು ಶಿಷ್ಯನಾಗಿ ಕರೆದೊಯ್ಯುತ್ತಾನೆ. ಹುಡುಗನಿಗೆ ನಿರಾಸೆ. ಮಳೆ ಬಂದರೆ ಉಳಿದ ಮಾಂತ್ರಿಕರು ಮೋಡವನ್ನು ಆಚೆಗೆ ತಳ್ಳುತ್ತಾರೆ, ಈ ಗುರುವೋ ಮರದ ಕೆಳಗೆ ನೆನೆಯುತ್ತ ಮಲಗುತ್ತಾನೆ. ಬಳಸದ ಶಕ್ತಿ ಇದ್ದು ಏನು ಫಲ ಎಂದು ಹುಡುಗ ಒಳಗೇ ಕುದಿಯುತ್ತಾನೆ. ನಾನು ಮಕ್ಕಳ ಜೊತೆ ಓದುವಾಗ ಇಲ್ಲಿ ನಿಲ್ಲಿಸಿ ಯಾರ ಪಕ್ಷ ಎಂದು ಕೇಳುತ್ತೇನೆ. ಎಲ್ಲರೂ ಗೆಡ್‌ನ ಪಕ್ಷ. ಹಾಗೇ ಇರಬೇಕು, ಇಲ್ಲದಿದ್ದರೆ ಮುಂದಿನದು ತಟ್ಟುವುದಿಲ್ಲ.

ರೋಕ್‌ನ ಶಾಲೆಯಲ್ಲಿ ಜ್ಯಾಸ್ಪರ್ ಎಂಬ ಸಿರಿವಂತ ಮನೆತನದ ಸಹಪಾಠಿ ಗೆಡ್‌ನನ್ನು ನಯವಾಗಿ ಚುಚ್ಚುತ್ತಾನೆ. ಅವನೆದುರು ತನ್ನ ದೊಡ್ಡಸ್ತಿಕೆ ತೋರಿಸಲು ಗೆಡ್ ಸತ್ತವಳೊಬ್ಬಳ ಆತ್ಮವನ್ನು ಕರೆಯುತ್ತಾನೆ. ಆ ಬಿರುಕಿನಿಂದ ಅವಳ ಜೊತೆ ಹೆಸರಿಲ್ಲದ ಒಂದು ನೆರಳು ಹೊರಬಂದು ಅವನ ಮುಖವನ್ನು ಬಗೆಯುತ್ತದೆ. ಬಿರುಕನ್ನು ಮುಚ್ಚುವುದರಲ್ಲಿ ಶಾಲೆಯ ವೃದ್ಧ ಮಹಾಗುರು ತನ್ನ ಶಕ್ತಿಯನ್ನೆಲ್ಲ ಸುರಿದು ಸಾಯುತ್ತಾನೆ. ಹುಡುಗನೊಬ್ಬನ ಅಸೂಯೆಗೆ ತೆತ್ತ ಬೆಲೆ ಇದು, ಮೊದಲ ಕಂತು ಮಾತ್ರ. ಉಳಿದ ಪುಸ್ತಕವೆಲ್ಲ ಆ ನೆರಳು ಗೆಡ್‌ನನ್ನು ಬೆನ್ನಟ್ಟುವುದು, ಆಮೇಲೆ ಗೆಡ್ ತಿರುಗಿ ನಿಂತು ಅದನ್ನು ಬೆನ್ನಟ್ಟುವುದು. ಅರ್ಥ್‌ಸೀಯಲ್ಲಿ ಒಂದು ವಸ್ತುವಿನ ನಿಜನಾಮ ಗೊತ್ತಿದ್ದವನಿಗೆ ಆ ವಸ್ತುವಿನ ಮೇಲೆ ಹಿಡಿತ. ನೆರಳಿನ ಹೆಸರು ಯಾರಿಗೂ ಗೊತ್ತಿಲ್ಲ. ಕೊನೆಗೆ ಗೆಡ್ ಅದನ್ನು ಯಾವ ಹೆಸರಿನಿಂದ ಕರೆಯುತ್ತಾನೆ ಎಂಬುದನ್ನು ಇಲ್ಲಿ ಹೇಳಿದರೆ ಮನೆಯಲ್ಲಿ ಮಕ್ಕಳು ನನ್ನನ್ನು ಬೈಯುತ್ತಾರೆ. ಕತ್ತಿ ಬೀಸಿ ದುಷ್ಟನನ್ನು ಕೊಂದು ಮುಗಿಯುವ ಕಥೆ ಇದಲ್ಲ ಎಂದಷ್ಟೇ ಹೇಳುತ್ತೇನೆ. ಪುಸ್ತಕ ಇನ್ನೂರು ಪುಟದ ಆಸುಪಾಸು, ಭಾಷೆ ಹಳೆಯ ಹಾಡುಗಬ್ಬದ ನಡಿಗೆಯದು, ಗಟ್ಟಿಯಾಗಿ ಓದಿದರೆ ಇನ್ನೂ ಚೆನ್ನ.

ಇದನ್ನು ಓದುವಾಗ ನನಗೆ ಪ್ರತಿ ಸಲ ನೆನಪಾಗುವವನು ಅಶ್ವತ್ಥಾಮ. ದ್ರೋಣ ಬ್ರಹ್ಮಶಿರ ಅಸ್ತ್ರವನ್ನು ಅರ್ಜುನನಿಗೆ ಒಲಿದು ಕೊಟ್ಟ. ಅದನ್ನು ಕಂಡು ಸಹಿಸಲಾರದೆ ಪೀಡಿಸಿದ ಮಗನಿಗೆ ಮನಸ್ಸಿಲ್ಲದೆ ಕೊಟ್ಟ. ಕೊನೆಯಲ್ಲಿ ಇಬ್ಬರೂ ಅಸ್ತ್ರ ಬಿಟ್ಟು ನಿಂತಾಗ, ಹಿಂದಕ್ಕೆ ತೆಗೆದುಕೊಳ್ಳಿ ಎಂದು ಋಷಿಗಳು ಹೇಳುತ್ತಾರೆ. ಅರ್ಜುನನಿಗೆ ಅದು ಸಾಧ್ಯ, ಅಶ್ವತ್ಥಾಮನಿಗೆ ಬಿಡುವುದು ಗೊತ್ತು, ಮರಳಿ ಕರೆಯುವ ಅರ್ಹತೆ ಇಲ್ಲ. ಅಸ್ತ್ರ ಎಲ್ಲಾದರೂ ಬೀಳಲೇಬೇಕು, ಪಾಂಡವರ ಹೆಂಗಸರ ಗರ್ಭಕ್ಕೆ ಬೀಳುತ್ತದೆ. ಗೆಡ್ ಮತ್ತು ಅಶ್ವತ್ಥಾಮ ಇಬ್ಬರದೂ ಒಂದೇ ಹಸಿವು, ಒಂದೇ ಅಸೂಯೆ. ಒಬ್ಬ ತಾನು ಬಿಟ್ಟದ್ದನ್ನು ಹುಡುಕಿಕೊಂಡು ಸಮುದ್ರದ ಕೊನೆಯವರೆಗೆ ಹೋಗುತ್ತಾನೆ, ಇನ್ನೊಬ್ಬ ಹಣೆಯ ಮಣಿ ಕಳೆದುಕೊಂಡು ಶಾಪ ಹೊತ್ತು ಅಲೆಯುತ್ತಾನೆ. ಮಕ್ಕಳಿಗೆ ಮಹಾಭಾರತವನ್ನು ದಾಟಿಸಬೇಕೆಂಬ ಆಸೆ ಇರುವವರಿಗೆ ನನ್ನ ಸಲಹೆ: ಮೊದಲು ಅರ್ಥ್‌ಸೀ ಓದಲಿ, ಆಮೇಲೆ ಸೌಪ್ತಿಕ ಪರ್ವದ ಕಥೆ ಹೇಳಿ. ಮಗು ತಾನಾಗಿ ಎರಡನ್ನೂ ಕೂಡಿಸುತ್ತದೆ. ನಮ್ಮ ಗುಂಪಿನ ಒಬ್ಬ ಹುಡುಗಿ 'ಅಶ್ವತ್ಥಾಮನಿಗೆ ವೆಚ್ ಇರಲಿಲ್ಲ' ಅಂದಳು. ವೆಚ್ ಎಂದರೆ ಕೊನೆಯ ಪಯಣದಲ್ಲಿ ಗೆಡ್‌ನ ಜೊತೆ ದೋಣಿ ಹತ್ತುವ ಗೆಳೆಯ. ಅಶ್ವತ್ಥಾಮನ ಜೊತೆಗಿದ್ದ ಕೃಪ, ಕೃತವರ್ಮರು ಆ ರಾತ್ರಿ ಏನು ಮಾಡಿದರು ಎಂದು ಮತ್ತೆ ಅರ್ಧ ಗಂಟೆ ಮಾತಾಯಿತು.

ಗೆಡ್‌ನದು ಕೆಂಪು ಬೆರೆತ ಕಂದು ಮೈಬಣ್ಣ, ವೆಚ್ ಕಪ್ಪು. ಅರ್ಥ್‌ಸೀಯಲ್ಲಿ ಬಿಳಿಯರು ಎಂದರೆ ಕಡಲ ಮೇಲೆ ದಾಳಿಗೆ ಬರುವ ಕಾರ್ಗ್ ಜನ. ಪುಸ್ತಕ ಇದನ್ನು ಎಲ್ಲೂ ಸಾರುವುದಿಲ್ಲ, ನಡುವೆ ಒಂದು ವಿಶೇಷಣದಲ್ಲಿ ಹೇಳಿ ಮುಂದೆ ಹೋಗುತ್ತದೆ. ಮುಖಪುಟ ಬರೆದವರು ವರ್ಷಗಟ್ಟಲೆ ಅವನನ್ನು ಬಿಳಿಯನನ್ನಾಗಿ ಬರೆದರು. 2004ರಲ್ಲಿ ಬಂದ ಟಿವಿ ಧಾರಾವಾಹಿಯೂ ಬಿಳಿಯ ಹುಡುಗನನ್ನೇ ಹಾಕಿತು, ಲೆ ಗ್ವಿನ್ ಅದನ್ನು ಬಹಿರಂಗವಾಗಿ ಖಂಡಿಸಿ ಬರೆದರು. 2018ರಲ್ಲಿ ಚಾರ್ಲ್ಸ್ ವೆಸ್ ಚಿತ್ರಗಳೊಂದಿಗೆ ಎಲ್ಲ ಅರ್ಥ್‌ಸೀ ಕಥೆಗಳೂ ಒಂದೇ ಸಂಪುಟದಲ್ಲಿ ಬಂದಿವೆ. ಭಾರವಾದ ಪುಸ್ತಕ, ಹಾಸಿಗೆಯಲ್ಲಿ ಮಲಗಿ ಓದಲಾಗದು. ಮಕ್ಕಳಿಗೆ ಬಿಡಿ ಪುಸ್ತಕವೇ ಸರಿ.

ಒಂದು ಕೊರತೆಯನ್ನೂ ಹೇಳಬೇಕು. ರೋಕ್‌ನ ಶಾಲೆಯಲ್ಲಿ ಹುಡುಗಿಯರಿಲ್ಲ, ಹೆಂಗಸರ ಮಂತ್ರವೆಂದರೆ ಆ ಲೋಕಕ್ಕೆ ತಾತ್ಸಾರ. ಹುಡುಗಿಯರು ಇದನ್ನು ಗಮನಿಸದೆ ಬಿಡುವುದಿಲ್ಲ, ಬಿಡಬಾರದು. ಅವರಿಗೆ ಎರಡನೆಯ ಪುಸ್ತಕ 'ದಿ ಟೂಂಬ್ಸ್ ಆಫ್ ಅಟುವಾನ್' ಕೊಡಿ. ಎಳೆಯ ಪ್ರಾಯದಲ್ಲೇ ತಾಯಿಯಿಂದ ಬಿಡಿಸಿ, ಹೆಸರನ್ನೂ ಕಸಿದು, ಇವಳು ಹಿಂದಿನ ಅರ್ಚಕಿಯ ಮರುಹುಟ್ಟು ಎಂದು ಕತ್ತಲ ದೇವರುಗಳಿಗೆ ಒಪ್ಪಿಸಲ್ಪಟ್ಟ ಟೆನಾರ್ ಎಂಬ ಹುಡುಗಿಯ ಕಥೆ. ಪದ್ಧತಿಯ ಹೆಸರಿನಲ್ಲಿ ಸಿಕ್ಕ ಅಧಿಕಾರವನ್ನು ಬಿಟ್ಟುಕೊಡುವುದಕ್ಕೂ ಒಂದು ಬೆಲೆ ಇದೆ, ಸ್ವಾತಂತ್ರ್ಯ ಹಗುರವಲ್ಲ ಎಂದು ಅದರಷ್ಟು ಪ್ರಾಮಾಣಿಕವಾಗಿ ಹೇಳುವ ಮಕ್ಕಳ ಪುಸ್ತಕ ನನಗೆ ಬೇರೆ ಸಿಕ್ಕಿಲ್ಲ. ಮುಂದೆ 1990ರಲ್ಲಿ ಲೆ ಗ್ವಿನ್ 'ಟೆಹಾನು' ಬರೆದು ತಮ್ಮದೇ ಲೋಕದ ಗಂಡಾಳಿಕೆಯನ್ನು ಒರೆಗೆ ಹಚ್ಚಿದರು. ಅದರಲ್ಲಿ ಹಿಂಸೆಗೆ ಗುರಿಯಾದ ಮಗುವೊಂದು ಇದೆ. ಹದಿನೇಳರ ಮೊದಲು ಬೇಡ.

ಈಗ 'ನಮ್ಮದು' ಎಂಬ ಷರತ್ತಿಗೆ ಬರೋಣ. ಗ್ರೀಕ್ ದೇವತೆಗಳ ಮಕ್ಕಳು ಇಂದಿನ ನ್ಯೂಯಾರ್ಕಿನಲ್ಲಿ ಅಲೆಯುವ 'ಪರ್ಸಿ ಜ್ಯಾಕ್ಸನ್' ಸರಣಿಯನ್ನು ರಿಕ್ ರಿಯೋರ್ಡನ್ 2005ರಲ್ಲಿ ಶುರುಮಾಡಿದರು. ಎಡಿಎಚ್‌ಡಿ ಮತ್ತು ಡಿಸ್ಲೆಕ್ಸಿಯಾ ಇದ್ದ ತಮ್ಮ ಮಗನಿಗೆ ಹೇಳಿದ ರಾತ್ರಿಕಥೆಯಿಂದ ಹುಟ್ಟಿದ ಪುಸ್ತಕವಾದ್ದರಿಂದ ಅದರ ನಾಯಕನಿಗೂ ಅವೆರಡೂ ಇವೆ. ಓದುವುದೇ ಕಷ್ಟವೆನ್ನುವ ಎಷ್ಟೋ ಮಕ್ಕಳನ್ನು ಓದಿಗೆ ಹಚ್ಚಿದ ಪುಣ್ಯ ಅದಕ್ಕಿದೆ. ಅದೇ ರಿಯೋರ್ಡನ್ ಹೆಸರಿನ ಮಾಲೆಯಲ್ಲಿ 2018ರಲ್ಲಿ ಬಂದದ್ದು ರೋಶನಿ ಚೋಕ್ಷಿಯವರ 'ಆರು ಷಾ ಆ್ಯಂಡ್ ದಿ ಎಂಡ್ ಆಫ್ ಟೈಮ್'. ಪಾಂಡವರ ಆತ್ಮಗಳು ಈ ಕಾಲದ ಹುಡುಗಿಯರಲ್ಲಿ ಮತ್ತೆ ಹುಟ್ಟಿವೆ. ಆರು, ಅಟ್ಲಾಂಟಾದ ಹನ್ನೆರಡರ ಹುಡುಗಿ, ಇಂದ್ರನ ಮಗಳು. ನಮ್ಮ ಮನೆಗಳಲ್ಲಿ ಹುಟ್ಟುಹಬ್ಬಕ್ಕೆ ಅತಿ ಹೆಚ್ಚು ಕೈ ಬದಲಾಯಿಸುವ ಪುಸ್ತಕ ಬಹುಶಃ ಇದೇ.

ಅದರ ಆರಂಭ ಸೊಗಸಾಗಿದೆ. ಶ್ರೀಮಂತ ಸಹಪಾಠಿಗಳ ಮುಂದೆ ಸಣ್ಣವಳಾಗಬಾರದೆಂದು ಆರು ಸುಳ್ಳು ಹೇಳುತ್ತಾಳೆ, ಸಿಕ್ಕಿಬಿದ್ದಾಗ ಪಂತಕ್ಕೆ ಬಿದ್ದು ಮುಟ್ಟಬಾರದ ದೀಪ ಹಚ್ಚುತ್ತಾಳೆ, ಕಾಲ ಹೆಪ್ಪುಗಟ್ಟುತ್ತದೆ, ತಾಯಿಯೂ ಕಲ್ಲಿನಂತೆ ನಿಲ್ಲುತ್ತಾಳೆ. ಗೆಡ್‌ನ ತಪ್ಪಿನ ಜಾತಿಯದೇ ತಪ್ಪು. ಆದರೆ ಬಳಿಕ ದಿವ್ಯಾಸ್ತ್ರಗಳು ಹುಟ್ಟುಹಬ್ಬದ ಉಡುಗೊರೆಯ ಹಾಗೆ ಕೈಗೆ ಬರುತ್ತವೆ, ಪ್ರತಿ ಸಂಕಟದ ಕೊನೆಗೂ ಒಂದು ಜೋಕು ಕಾದಿರುತ್ತದೆ. ಆರುವಿನ ಮನೆತನದ ಗುಟ್ಟು ಬಿಚ್ಚಿಕೊಳ್ಳುವ ಕಡೆ ಮಾತ್ರ ಪುಸ್ತಕ ಮತ್ತೆ ಭಾರ ಪಡೆಯುತ್ತದೆ. ಹತ್ತರಿಂದ ಹನ್ನೆರಡರ ಮಕ್ಕಳಿಗೆ ಖಂಡಿತ ಕೊಡಿ, ನಮ್ಮ ಹೆಸರುಗಳು ಪುಸ್ತಕದ ಪುಟದಲ್ಲಿ ಕಾಣುವ ಸಂತೋಷ ಸಣ್ಣದಲ್ಲ. ಹದಿನಾಲ್ಕರವರಿಗೆ ಸಂಸ್ಕೃತಿಯ ಟಾನಿಕ್ ಎಂದು ಕುಡಿಸಲು ಹೋಗಬೇಡಿ. ಕರ್ಣ ಕಲಿತ ಅಸ್ತ್ರ ಬೇಕಾದ ಹೊತ್ತಿಗೆ ಮರೆತುಹೋಗುವುದು, ಕಚ ಕಲಿತ ಸಂಜೀವಿನಿ ಅವನಿಗೇ ಫಲಿಸದೆ ಹೋಗುವುದು, ಭಸ್ಮಾಸುರನ ಕೈ ಅವನ ತಲೆಗೇ ಬರುವುದು, ಇವು ನಮ್ಮ ಕಥೆಗಳ ಬೆನ್ನೆಲುಬು. ದೇವರ ಹೆಸರುಗಳನ್ನು ಉಳಿಸಿಕೊಂಡು ಈ ಬೆನ್ನೆಲುಬನ್ನು ತೆಗೆದ ಪುಸ್ತಕಕ್ಕಿಂತ, ನಮ್ಮ ಒಂದು ಹೆಸರೂ ಇಲ್ಲದ ಅರ್ಥ್‌ಸೀ ನಮ್ಮ ಕಥನಪರಂಪರೆಗೆ ಹತ್ತಿರ.

ಹ್ಯಾರಿ ಪಾಟರನನ್ನು ಯಾರೂ ಶಿಫಾರಸು ಮಾಡಬೇಕಾಗಿಲ್ಲ. ಮೊದಲ ಪುಸ್ತಕಗಳಲ್ಲಿ ಮಂತ್ರ ಎಂದರೆ ದೀಪದ ಸ್ವಿಚ್ಚು, ಒತ್ತಿದರೆ ಆಯಿತು. ಹಾರ್‌ಕ್ರಕ್ಸ್ ಬಂದ ಮೇಲೆ ಬೆಲೆ ಬರುತ್ತದೆ: ಸಾವನ್ನು ತಪ್ಪಿಸಿಕೊಳ್ಳಲು ಕೊಲೆ ಮಾಡಿ ಆತ್ಮವನ್ನು ಹರಿದು ವಸ್ತುಗಳಲ್ಲಿ ಬಚ್ಚಿಡುವುದು. ಅಜ್ಜಿಯ ಗಿಳಿಯೇ ಅಲ್ಲವೆ ಅದು! ಟಾಲ್ಕಿನ್‌ರ ಉಂಗುರದ ಕಥೆ ಇನ್ನೂ ಕಠಿಣ. ಫ್ರೋಡೊ ಗೆದ್ದು ಮನೆಗೆ ಬಂದ ಮೇಲೂ ಅವನ ಗಾಯ ಮಾಯುವುದಿಲ್ಲ. ಓದುವ ತಾಳ್ಮೆ ಇರುವವರಿಗೆ ಮಾತ್ರ.

ವಿಜ್ಞಾನ ಕಥೆಗಳಲ್ಲಿ ಹನ್ನೆರಡು ಹದಿಮೂರಕ್ಕೆ ಲೋಯಿಸ್ ಲೌರಿಯವರ 'ದಿ ಗಿವರ್' (1993). ನೋವಿಲ್ಲದ, ಬಣ್ಣವೂ ಇಲ್ಲದ ಒಂದು ಊರು. ಎಲ್ಲರ ಪರವಾಗಿ ನೆನಪುಗಳನ್ನು ಹೊರುವ ಕೆಲಸ ಜೋನಸ್ ಎಂಬ ಹುಡುಗನಿಗೆ ಬರುತ್ತದೆ. ಮಂಜಿನ ಮೇಲೆ ಜಾರುವ ಸುಖದ ಜೊತೆಗೆ ಯುದ್ಧದ ನೆನಪೂ ಬರುತ್ತದೆ. ಶಾಲೆಗಳಿಂದ ತೆಗೆಸಬೇಕೆಂದು ಇಲ್ಲಿನ ಪಾಲಕರು ಮತ್ತೆ ಮತ್ತೆ ದೂರು ಕೊಟ್ಟ ಪುಸ್ತಕಗಳಲ್ಲಿ ಇದೂ ಒಂದು. ಹಳೆಯ ಊರಿನ ಕಷ್ಟವನ್ನು ಮಕ್ಕಳಿಗೆ ಹೇಳಬೇಕೋ ಬೇಡವೋ ಎಂದು ತೂಗುವ ವಲಸೆಗಾರರ ಮನೆಯಲ್ಲಿ ಇದನ್ನು ದೊಡ್ಡವರೂ ಓದಬೇಕು.

ಓರ್ಸನ್ ಸ್ಕಾಟ್ ಕಾರ್ಡ್‌ರ 'ಎಂಡರ್ಸ್ ಗೇಮ್' (1985) ಬಗ್ಗೆ ನಮ್ಮ ಗುಂಪಿನಲ್ಲಿ ನಡೆದಷ್ಟು ಜಗಳ ಬೇರೆ ಯಾವ ಪುಸ್ತಕದ ಬಗ್ಗೆಯೂ ನಡೆದಿಲ್ಲ. ಆರು ವರ್ಷದ ಜಾಣ ಹುಡುಗನನ್ನು ಮನೆಯಿಂದ ಒಯ್ದು, ಸ್ಪರ್ಧೆಯ ಮೇಲೆ ಸ್ಪರ್ಧೆ ಒಡ್ಡಿ, ಗೆದ್ದಾಗಲೆಲ್ಲ ನಿಯಮ ಬದಲಿಸಿ, ಒಂಟಿಯಾಗಿಸಿ ಸೇನಾಪತಿಯನ್ನು ತಯಾರಿಸುತ್ತಾರೆ. ಆಟ ಎಂದು ಅವನಿಗೆ ಹೇಳಿದ್ದು ಆಟವಾಗಿರಲಿಲ್ಲ. ಇಲ್ಲಿ ಬೆಲೆ ತೆರುವವನು ಮಗು, ವ್ಯವಹಾರ ಕುದುರಿಸಿದವರು ದೊಡ್ಡವರು. ಸ್ಪೆಲಿಂಗ್ ಬೀ, ಗಣಿತ ಸ್ಪರ್ಧೆ, ಶನಿವಾರದ ಕೋಚಿಂಗ್‌ಗಳ ನಡುವೆ ಬೆಳೆದ ಮಕ್ಕಳು ಇದನ್ನು ಬಾಹ್ಯಾಕಾಶದ ಕಥೆ ಎಂದು ಓದುವುದಿಲ್ಲ. ಹಿಂಸೆ ಇದೆ, ಲೇಖಕರ ಕೆಲವು ಸಾಮಾಜಿಕ ನಿಲುವುಗಳು ನನಗೆ ಒಪ್ಪಿಗೆಯಿಲ್ಲ. ಆದರೂ ಹದಿನಾಲ್ಕು ದಾಟಿದವರಿಗೆ ಕೊಡುತ್ತೇನೆ, ಅವರ ಅಪ್ಪ ಅಮ್ಮಂದಿರಿಗೂ ಕೊಡುತ್ತೇನೆ. ಡಗ್ಲಸ್ ಆಡಮ್ಸ್‌ರ 'ಹಿಚ್‌ಹೈಕರ್ಸ್ ಗೈಡ್' ಮಾತ್ರ ನನ್ನ ಅಳತೆಗೋಲಿಗೆ ಸಿಗುವುದಿಲ್ಲ. ಅಲ್ಲಿ ಭೂಮಿಯೇ ನಾಶವಾದರೂ ಬೆಲೆ ಯಾರೂ ತೆರುವುದಿಲ್ಲ, ನಗುತ್ತಾರೆ. ನಗಲಿ.

ಇಂಡಿಯಾದಿಂದ ಒಂದನ್ನು ಸೇರಿಸಬೇಕೆಂದರೆ ನಾನು ಸೇರಿಸುವುದು ಪುರಾಣವನ್ನಲ್ಲ. ಬಂಗಾಳದ ರೋಕೆಯಾ ಸಖಾವತ್ ಹುಸೇನ್ ಇಂಗ್ಲಿಷಿನಲ್ಲಿ ಬರೆದು, 1905ರಲ್ಲಿ ಮದರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜೀನ್' ಪ್ರಕಟಿಸಿದ 'ಸುಲ್ತಾನಾಸ್ ಡ್ರೀಮ್'. ಒಂದೇ ಕೂತಿನಲ್ಲಿ ಮುಗಿಯುವ ಕಥೆ. ಹೆಂಗಸರು ಆಳುವ ನಾಡು, ಸೂರ್ಯನ ಶಾಖದಿಂದ ಅಡುಗೆ, ಮೋಡದಿಂದ ನೀರು, ಹಾರುವ ವಾಹನ. ಅಲ್ಲಿನ ವಿಶ್ವವಿದ್ಯಾಲಯದ ಹೆಂಗಸರು ಶತ್ರುಸೈನ್ಯವನ್ನು ಸೂರ್ಯಕಿರಣದಿಂದಲೇ ಓಡಿಸುತ್ತಾರೆ. ಗಂಡಸರು ಪರದೆಯೊಳಗೆ. ಹುಡುಗಿಯರು ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಒಬ್ಬಳು 'ಹಾಗಾದರೆ ಒಳಗಿರುವವರ ಗತಿ?' ಎಂದು ಕೇಳಿದಳು. ಬೆಲೆಯ ಪ್ರಶ್ನೆಯನ್ನು ನಾನು ಎತ್ತಲೇ ಬೇಕಾಗಲಿಲ್ಲ.

ಹದಿನಾರು ದಾಟಿದವರಿಗೆ ಗಿರೀಶ ಕಾರ್ನಾಡರ 'ಅಗ್ನಿ ಮತ್ತು ಮಳೆ'. ಮಿನಿಯಾಪೊಲಿಸ್‌ನ ಗಥ್ರಿ ಥಿಯೇಟರ್ ಕೇಳಿಕೊಂಡದ್ದರಿಂದ ಇಂಗ್ಲಿಷ್ ರೂಪ ಪಡೆದ ಈ ನಾಟಕದ ನಂಟು ಈ ದೇಶಕ್ಕೂ ಇದೆ. ಗುರುವಿಲ್ಲದೆ, ವರ್ಷಗಟ್ಟಲೆ ಕಲಿಯದೆ, ತಪಸ್ಸಿನ ಬಲದಿಂದ ನೇರವಾಗಿ ವಿದ್ಯೆ ಪಡೆಯಲು ಹೊರಟ ಯವಕ್ರೀತನ ಮಹಾಭಾರತದ ಕಥೆ ಅದರ ಮೂಲ. ವಿದ್ಯೆ ಬಂತು, ಅದನ್ನು ಹೊರುವ ಮನಸ್ಸು ಬರಲಿಲ್ಲ. ಅದರಲ್ಲಿ ಕಾಮವೂ ಸೇಡೂ ಬಿಚ್ಚಿಟ್ಟ ಹಾಗಿವೆ, ಆದ್ದರಿಂದ ಮೊದಲು ನೀವು ಓದಿ.

ಕೊನೆಗೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980). ಇದನ್ನು ಫ್ಯಾಂಟಸಿ ಎನ್ನಲಾಗದು, ವಿಜ್ಞಾನ ಕಥೆಯ ಪಟ್ಟಿಯಲ್ಲೂ ಅಂಗಡಿಯವರು ಇಡುವುದಿಲ್ಲ. ಆದರೆ ಕೋಟ್ಯಂತರ ವರ್ಷಗಳ ಕಾಲದ ಎದುರು ನಿಂತಾಗ ಆಗುವ ಬೆರಗು, ಒಳ್ಳೆಯ ವಿಜ್ಞಾನ ಕಥೆ ಕೊಡುವಂಥ ಬೆರಗು, ಕನ್ನಡದಲ್ಲಿ ನನಗೆ ಇಷ್ಟು ಪೂರ್ತಿಯಾಗಿ ಸಿಕ್ಕಿದ್ದು ಇಲ್ಲಿಯೇ. ಮೂಡಿಗೆರೆಯ ಕಾಡು, ಒಬ್ಬ ವಿಜ್ಞಾನಿ, ಶಾಲೆಯ ವಿದ್ಯೆ ಹತ್ತದ ಜೇನಿನ ಮಂದಣ್ಣ, ಕಿವಿ ಎಂಬ ನಾಯಿ, ಎಲ್ಲರೂ ಸೇರಿ ಹಾರುವ ಓತಿಯನ್ನು ಹುಡುಕುತ್ತಾರೆ. ದೊಡ್ಡ ವಿಜ್ಞಾನಿ ಮಂದಣ್ಣನ ಕಣ್ಣನ್ನು ತನ್ನ ಓದಿಗಿಂತ ಮೇಲೆಂದು ನಂಬುವುದು ಇಲ್ಲಿನ ಮಕ್ಕಳಿಗೆ ಹೊಸ ವಿಷಯ. ಅವರ ಶಾಲೆ ಹೇಳುವ ವಿಜ್ಞಾನಿಗೆ ಬಿಳಿ ಕೋಟು, ದೊಡ್ಡ ಪದವಿ ಎರಡೂ ಇರುತ್ತವೆ. ಇಂಗ್ಲಿಷ್ ಅನುವಾದ ಇದೆ. ಆದರೂ ಮಂದಣ್ಣನ ಮಾತಿನ ರುಚಿ ಕನ್ನಡದಲ್ಲೇ ಸಿಗಬೇಕು. ಅಕ್ಷರ ಬಾರದ, ಮಾತು ಅರ್ಥವಾಗುವ ಮಕ್ಕಳು ನಮ್ಮಲ್ಲಿ ಬಹಳ. ಅವರಿಗೆ ವಾರಕ್ಕೊಂದು ಅಧ್ಯಾಯದಂತೆ ಗಟ್ಟಿಯಾಗಿ ಓದಿ ಹೇಳಿದರೆ ಒಂದು ಚಳಿಗಾಲದಲ್ಲಿ ಮುಗಿಯುತ್ತದೆ. ಮಲೆನಾಡಿನ ಬೈಗುಳಗಳು ಬಂದ ಕಡೆ ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧ ಮಾಡಿಕೊಂಡು ಕೂತರೆ ಒಳ್ಳೆಯದು.